ಹಿಮನದಿಯ ನಾಡಿ

ಹಿಮನದಿಗೂ ನಾಡಿ ಇದೆ ಎಂದು ಕಂಡುಹಿಡಿದವರು ಪ್ರೊಫೆಸರ್ ಕಾಸಿಮಾಲಿ. ಅಲ್ಲಿಯವರೆಗೆ ಜಗತ್ತಿನ ಹಿಮನದಿಗಳೆಲ್ಲ ನಾಡಿಯಿಲ್ಲದೆ ಹೇಗೋ ಕಾಲ ಹಾಕುತ್ತಿದ್ದವು. ಬೆಳಿಗ್ಗೆ ಎರಡು ಸಾವಿರ ಬಡಿತ, ಸಂಜೆ ಎರಡು ಸಾವಿರ ಬಡಿತ, ಜೂನ್ ಮೊದಲ ವಾರ ಶುರುವಾಗಿ ಸೆಪ್ಟೆಂಬರಿನಲ್ಲಿ ನಿಲ್ಲುವ ಈ ನಾಡಿಯ ಮೇಲೆ ಅವರು ನಲವತ್ತೊಂದು ಪುಟಗಳ ಪ್ರಬಂಧ ಬರೆದರು, ಮೂರು ದೇಶಗಳಿಗೆ ಹೋಗಿ ಓದಿದರು. ರಾಜಧಾನಿಯ ಅವರ ಸಂಸ್ಥೆಯಲ್ಲಿ ಮೆಟ್ಟಿಲು ಹತ್ತುವಾಗ ಎದುರಿಗೆ ಸಿಗುವ ಗೋಡೆಯಲ್ಲಿ ಆ ನಾಡಿಯ ಗೆರೆಗಳನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು.

ಆ ನಾಡಿ ಹಿಮನದಿಯದಲ್ಲ, ಎಲ್ಲರೂ ಅಪಾ, ಅಂದರೆ ಅವ್ವ, ಎಂದು ಕರೆಯುವ ಬುರ್ಮಾಕಾನ್ ಎಂಬ ಅರವತ್ತೆಂಟು ವರ್ಷದ ಹೆಂಗಸು ಕುದುರೆಹಾಲು ಕಡೆಯುವ ಸದ್ದು ಎಂಬುದು ಇಡೀ ಕಿರ್ಗಿಜ್ ನಾಡಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ಎಸೆನ್‌ಕುಲ್. ಅದೇ ಸಂಸ್ಥೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಿರಿಯ ಸಂಶೋಧಕ. ಕಿರಿಯ ಎಂಬ ಮಾತು ಅವನ ಹೆಸರಿಗೆ ಅಂಟಿಕೊಂಡೇ ಕೂದಲು ನರೆತಿತ್ತು. ಬೆಟ್ಟ ಹತ್ತುವುದು, ಯಂತ್ರ ಹೂಳುವುದು, ಅದು ಬರೆದಿಟ್ಟಿದ್ದನ್ನು ಇಳಿಸಿ ತರುವುದು ಅವನ ಕೆಲಸ. ಅದನ್ನು ನೋಡಿ ಬೆರಗಾಗುವುದು ಪ್ರೊಫೆಸರರ ಕೆಲಸ.

ತಪ್ಪು ನಡೆದದ್ದು ಎರಡು ವರ್ಷದ ಹಿಂದೆ. ನೆಲದ ನಡುಕ ಅಳೆಯುವ ಡಬ್ಬಿಯನ್ನು ಹಿಮನದಿಯ ಬಾಯಿಯ ಬಳಿ ಇರುವ ಕಲ್ಲುದಿಬ್ಬದ ಮೇಲೆ ಹೂಳಬೇಕು ಎಂದು ಅವನ ಕೈಗೆ ಕಾಗದ ಕೊಟ್ಟು ಕಳಿಸಿದ್ದರು. ದಿಬ್ಬದ ಹಿಂದೆ ಕರಗಿದ ನೀರು ನಿಂತು ಆದ ಒಂದು ಕೆರೆ. ಅದರ ಕೆಳಗೆ ನಾಲ್ಕು ಕಿಲೋಮೀಟರು ದೂರದಲ್ಲಿ ಬುರ್ಮಾಕಾನ್ ಅಪಾಳ ಬೇಸಿಗೆಯ ಹುಲ್ಲುಗಾವಲು, ಏಳು ಉಣ್ಣೆಗುಡಾರ. ಎಸೆನ್‌ಕುಲ್ ಕುದುರೆಯ ಮೇಲೆ ಡಬ್ಬಿ ಹೇರಿಕೊಂಡು ಅವಳ ಗುಡಾರದ ಮುಂದೆ ಹಾದುಹೋಗುತ್ತಿದ್ದ. ಹಾದುಹೋಗುವುದು ಎಂದರೆ ಮಾತಿಗೆ ಹೇಳಿದ್ದು ಅಷ್ಟೆ, ಗುಡಾರದ ಮುಂದೆ ಯಾರೂ ಹಾದುಹೋಗುವುದಿಲ್ಲ.

"ಇಳಿ ಮಗಾ. ವರ್ಷದ ಮೊದಲ ಕಿಮಿಜ್. ಬಾಯಿಗೆ ಹಾಕದೆ ಹೋದ್ರೆ ನನ್ನ ಕುದುರೆಗಳ ಕೆಚ್ಚಲು ಒಣಗುತ್ತೆ."

"ಕೆಲಸ ಇದೆ ಅಪಾ, ಬೆಟ್ಟಕ್ಕೆ ಹೋಗ್ಬೇಕು."

"ಬೆಟ್ಟ ನಿನ್ನ ಬಿಟ್ಟು ಎಲ್ಲಿಗೆ ಓಡ್ಹೋಗುತ್ತೆ. ಕೂತ್ಕೊ."

ಕೂತ. ಅಮಲೇರಿಸುವ ಆ ಹುಳಿಹಾಲಿನ ಮೊದಲ ಬಟ್ಟಲು ಬಾಯಾರಿಕೆಗೆ, ಎರಡನೆಯದು ಮರ್ಯಾದೆಗೆ. ಮೂರನೆಯದನ್ನು ಅಪಾ ಕೇಳದೆಯೇ ಸುರಿದಳು. ಐದನೆಯ ಬಟ್ಟಲು ಮುಗಿಯುವ ಹೊತ್ತಿಗೆ ಹೊರಗೆ ಆಲಿಕಲ್ಲು ಬೀಳತೊಡಗಿತ್ತು, ಒಳಗೆ ಎಸೆನ್‌ಕುಲ್‌ನ ಮೊಣಕಾಲು ಅವನ ಮಾತು ಕೇಳುತ್ತಿರಲಿಲ್ಲ. ಗುಡಾರದ ಹಿಂದೆ ಎಂಟು ಹೆಜ್ಜೆ ದೂರದಲ್ಲಿ ಒಂದು ಚಪ್ಪಟೆ ಬಂಡೆ ಕಣ್ಣಿಗೆ ಬಿತ್ತು. ಬಂಡೆ ಬಂಡೆಯೇ, ಬೆಟ್ಟ ಬೆಟ್ಟವೇ, ಎಲ್ಲಿ ಹೂತರೇನು, ನಡುಗಿದರೆ ಎಲ್ಲ ಕಡೆಯೂ ನಡುಗುತ್ತದೆ ಎಂದು ಐದು ಬಟ್ಟಲು ಕುಡಿದವನಿಗೆ ಮಾತ್ರ ಹೊಳೆಯುವ ವಿಜ್ಞಾನ ಅವನಿಗೆ ಹೊಳೆಯಿತು. ಡಬ್ಬಿಯನ್ನು ಅದರ ಅಂಚಿಗೆ ಹೂತು ಮೇಲೆ ಕಲ್ಲು ಮುಚ್ಚಿದ. ಕಾಗದದಲ್ಲಿ ದಿಬ್ಬದ ವಿಳಾಸವನ್ನೇ ಬರೆದ. ಬೂಟಿಗೆ ಒಂದು ಚುಕ್ಕೆ ಕೆಸರೂ ಹತ್ತದೆ ಇಳಿದು ಊರಿಗೆ ಹೋದ.

ಮುಂದಿನ ಸಲ ಬಂದು ಸರಿಯಾದ ಜಾಗಕ್ಕೆ ಸಾಗಿಸಿದರಾಯಿತು ಎಂದುಕೊಂಡಿದ್ದ. ಮುಂದಿನ ಸಲ ಬಂದಾಗ ಡಬ್ಬಿಯಲ್ಲಿ ನಾಡಿ ಸಿಕ್ಕಿತ್ತು. ಗುಡಾರದೊಳಗೆ ಅಪಾಳ ಎದೆಯೆತ್ತರದ ಮರದ ಪೀಪಾಯಿ ನಿಂತ ಬಂಡೆಯೂ ಹೊರಗೆ ಡಬ್ಬಿ ಹೂತ ಬಂಡೆಯೂ ನೆಲದಡಿಯಲ್ಲಿ ಒಂದೇ. ಅವಳು ಕಡೆಗೋಲು ಎತ್ತಿ ಹಾಕಿದಾಗಲೆಲ್ಲ ಡಬ್ಬಿ ಒಂದೊಂದು ಗೆರೆ ಎಳೆದು ಇಟ್ಟುಕೊಂಡಿತ್ತು. ಗೆರೆ ನೋಡಿದ ಪ್ರೊಫೆಸರರ ಕಣ್ಣಲ್ಲಿ ನೀರು ಬಂತು.

"ಎಸೆನ್‌ಕುಲ್, ಇದೇನು ಗೊತ್ತೇನೋ? ಒಳಗಡೆ ನೀರು ಮಿಡಿಯುತ್ತಾ ಇದೆ. ಬಿಸಿಲು ಏರಿದ ಹಾಗೆ ಶುರು, ಚಳಿಗಾಲಕ್ಕೆ ಬಂದ್. ಕರಗೋ ಕಾಲಕ್ಕೆ ಸರಿಯಾಗಿ ಕೂತಿದೆ."

ಕುದುರೆಗಳು ಹಾಲು ಕೊಡುವ ಕಾಲವೂ ಅದೇ ಅಗಾಯ್, ಅಂದರೆ ಮೇಷ್ಟ್ರೇ, ಎಂದು ಹೇಳಲು ಅವನು ಬಾಯಿ ತೆರೆದ. ಪ್ರೊಫೆಸರರು ಅವನ ಬೆನ್ನು ತಟ್ಟಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಬೆನ್ನನ್ನು ಯಾರಾದರೂ ತಟ್ಟಿದ್ದು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಆಮೇಲೆ ಹೇಳಲು ದಾರಿಯೇ ಉಳಿಯಲಿಲ್ಲ. ಅಪಾ ಮೊಮ್ಮಗಳ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿದ್ದಳು. ಆ ನಾಲ್ಕು ದಿನದ ಮೌನಕ್ಕೆ 'ಹಿಮನದಿಯ ವಿಶ್ರಾಂತಿ' ಎಂದು ಹೆಸರಿಟ್ಟು ಪ್ರೊಫೆಸರರು ಎಂಟು ಪುಟ ಬರೆದರು. ಒಮ್ಮೆ ಅವಳ ಬಲ ಭುಜ ಉಳುಕಿ ಎಡಗೈಯಲ್ಲಿ ನಿಧಾನವಾಗಿ ಕಡೆದಳು. ಅದು ಪ್ರಬಂಧದ ಐದನೆಯ ಅಧ್ಯಾಯವಾಯಿತು.

ಈ ವರ್ಷ ಅಪಾಳ ಅಳಿಯ ತನ್ನ ಕುದುರೆಗಳನ್ನೂ ಅವಳ ಹಿಂಡಿಗೆ ಸೇರಿಸಿದ. ಹಾಲು ಹೆಚ್ಚಾಯಿತು. ಅಪಾ ದಿನಕ್ಕೆ ಮೂರು ಸಲ ಕಡೆಯತೊಡಗಿದಳು. ಅತ್ತ ರಾಜಧಾನಿಯಲ್ಲಿ ಹಿಮನದಿಯ ನಾಡಿ ಒಂದೂವರೆ ಪಟ್ಟು ಏರಿತು. ಕೆರೆ ಒಡೆಯುವುದು ಖಚಿತ ಎಂದು ಪ್ರೊಫೆಸರರು ಟೀವಿಯಲ್ಲಿ ಗಂಭೀರವಾಗಿ ಹೇಳಿದರು. ತುರ್ತು ಇಲಾಖೆ ಎಚ್ಚೆತ್ತಿತು. ಹುಲ್ಲುಗಾವಲಿನಿಂದ ಏಳೂ ಗುಡಾರಗಳನ್ನು ಎಬ್ಬಿಸಬೇಕು, ಮೊದಲು ಒಂದು ಸಮಿತಿ ದಿಬ್ಬದವರೆಗೆ ಹೋಗಿ ಯಂತ್ರವನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು ಎಂದು ತೀರ್ಮಾನವಾಯಿತು.

ಎಸೆನ್‌ಕುಲ್‌ಗೆ ಅನ್ನ ಸೇರದಾಯಿತು. ಜುಲೈ ತಿಂಗಳು. ಈಗ ಎಬ್ಬಿಸಿದರೆ ಅಪಾಳ ಐವತ್ತು ಕುದುರೆಗೆ ಎಲ್ಲಿ ಹುಲ್ಲು? ಪಕ್ಕದ ಕಣಿವೆಗಳೆಲ್ಲ ಬೇರೆಯವರ ಪಾಲಾಗಿವೆ. ಊರಿನ ಹುಲ್ಲನ್ನು ಈಗಲೇ ಮೇಯಿಸಿದರೆ ಚಳಿಗಾಲಕ್ಕೆ ಮರಿಗಳು ಸಾಯುತ್ತವೆ. ಅವನು ಬಾಯಿ ಬಿಟ್ಟರೆ ಪ್ರೊಫೆಸರರ ಮಾನ ಹೋಗುತ್ತದೆ, ಅದರ ಹಿಂದೆಯೇ ತನ್ನ ಕೆಲಸ ಹೋಗುತ್ತದೆ. ಬಿಡದಿದ್ದರೆ ಅಪಾಳ ಬೇಸಿಗೆ ಹೋಗುತ್ತದೆ. ಐದು ಬಟ್ಟಲು ಕುಡಿಸಿದ್ದಕ್ಕೆ ಇದು ಪ್ರತಿಫಲ. ಸಮಿತಿ ದಿಬ್ಬದವರೆಗೆ ಹೋದರೆ ಅಲ್ಲಿ ಡಬ್ಬಿ ಇಲ್ಲದ್ದು ತಾನಾಗಿ ಗೊತ್ತಾಗುತ್ತದಲ್ಲ, ತಾನು ಬಾಯಿ ಬಿಡುವುದೇ ಬೇಡ ಎಂದು ಹೇಡಿಯ ಸಮಾಧಾನ ಮಾಡಿಕೊಂಡು ಅವರ ಜೊತೆ ಹೊರಟ.

ಸಮಿತಿ ಎಂದರೆ ಮೂವರು. ಪ್ರೊಫೆಸರ್ ಕಾಸಿಮಾಲಿ, ಎದೆಗೆ ಕಂಪ್ಯೂಟರು ಅವಚಿಕೊಂಡು. ತುರ್ತು ಇಲಾಖೆಯ ಒರೊಜಾಲಿ, ಅಧ್ಯಕ್ಷರು. ಅವರನ್ನು ಹೊತ್ತ ಕುದುರೆಯ ಬಗ್ಗೆ ಕನಿಕರ ಬರುವಷ್ಟು ದಪ್ಪ. ಮೂರನೆಯವನು ಜಿಲ್ಲಾ ಕಚೇರಿಯ ಗುಮಾಸ್ತ. ಅವನ ಹತ್ತಿರ ಮೊಹರು ಇತ್ತು, ಮಾತು ಇರಲಿಲ್ಲ.

ಮಧ್ಯಾಹ್ನ ಹುಲ್ಲುಗಾವಲು ತಲುಪಿದರು. ಅಪಾ ದಾರಿಗೆ ಅಡ್ಡ ನಿಂತಿದ್ದಳು.

"ಇಳೀರಿ. ಕುರಿ ಕೊಯ್ದಾಗಿದೆ."

"ಮೊದಲು ಮೇಲೆ ಹೋಗಿ ಬರ್ತೀವಿ ಅಪಾ. ಸರ್ಕಾರಿ ಕೆಲಸ," ಎಂದರು ಅಧ್ಯಕ್ಷರು. ಆದರೆ ಅವರ ಮೂಗು ಆಗಲೇ ಗುಡಾರದ ಕಡೆ ತಿರುಗಿತ್ತು.

"ಕೊಯ್ದ ಕುರೀನ ಏನು ಮಾಡ್ಲಿ, ಮತ್ತೆ ಎದ್ದು ನಿಲ್ಲಿಸ್ಲಾ?"

ಬಾಗಿಲ ಹೊರಗೆ ಸಮಿತಿಯ ಮೂರು ಜೊತೆ ಬೂಟುಗಳು ಸಾಲಾಗಿ ನಿಂತವು, ಅಂಗಡಿಯಿಂದ ತಂದಷ್ಟೇ ಚೊಕ್ಕಟವಾಗಿ. ಅಧ್ಯಕ್ಷರಿಗೆ ಬಾಗಿಲಿಗೆ ಎದುರಾದ ಗೌರವದ ಜಾಗ, ಮುಂದೆ ಕುರಿಯ ತಲೆ. ಪ್ರೊಫೆಸರರಿಗೆ ತೊಡೆಯ ಮೂಳೆ. ಬೆಣ್ಣೆ, ಕೆನೆ, ಕರಿದ ಹಿಟ್ಟಿನ ಉಂಡೆ, ಮಾಂಸದ ಸಾರು, ಮೇಲಿಂದ ಮೇಲೆ ಕಿಮಿಜ್. ಹೊರಗೆ ಬಿಸಿಲು ದಿಬ್ಬವನ್ನು ದಾಟಿ ಆಚೆ ಹೋಯಿತು. ಎಸೆನ್‌ಕುಲ್ ಬಾಗಿಲ ಬಳಿ ಕೂತು ನೆರಳು ಉದ್ದವಾಗುವುದನ್ನು ನೋಡುತ್ತಿದ್ದ. ಅವನಿಗೆ ಈ ನಾಟಕದ ಮುಂದಿನ ದೃಶ್ಯ ಬಾಯಿಪಾಠವಾಗಿತ್ತು, ತಾನೇ ಆಡಿದ್ದು.

"ದಿಬ್ಬ ಎಷ್ಟು ದೂರ?" ಎಂದು ಅಧ್ಯಕ್ಷರು ಕೇಳಿದರು. ಕೇಳಿದ ರೀತಿಯಲ್ಲೇ ಉತ್ತರ ಬೇಡ ಎಂಬುದಿತ್ತು.

"ನಾಲ್ಕು ಕಿಲೋಮೀಟರು ಸಾಹೇಬ್ರೆ. ಏರು ದಾರಿ," ಎಂದ ಎಸೆನ್‌ಕುಲ್.

"ಯಂತ್ರ ಅಲ್ಲೇ ಇದೆ ತಾನೆ?"

"ಎರಡು ವರ್ಷದಿಂದ ನಾನೇ ಅದರ ಲೆಕ್ಕ ಓದ್ತಿದ್ದೀನಿ," ಎಂದರು ಪ್ರೊಫೆಸರರು. "ಇಲ್ಲದೆ ಎಲ್ಲಿ ಹೋಗುತ್ತೆ?"

"ಇದ್ದೇ ಇರುತ್ತೆ ಅಂದ್ಮೇಲೆ ನೋಡೋದೇನು. ನೋಡಿದ ಹಾಗೇ ಆಯ್ತಲ್ಲ."

ಗುಮಾಸ್ತ ಕಾಗದ ಹರಡಿದ. 'ಸಮಿತಿಯು ದಿಬ್ಬದ ಮೇಲೆ ಖುದ್ದಾಗಿ ಹಾಜರಿದ್ದು ಯಂತ್ರವನ್ನು ಪರಿಶೀಲಿಸಿತು. ಅಪಾಯ ನಿಜ. ಏಳು ಗುಡಾರಗಳು ಮೂರು ದಿನದೊಳಗೆ ತೆರವಾಗತಕ್ಕದ್ದು.' ಮೂವರೂ ಎಣ್ಣೆಗೈ ಒರೆಸಿಕೊಂಡು ಸಹಿ ಹಾಕಿದರು. ಮೊಹರು ಬಿತ್ತು. ಆಮೇಲೆ ಊಟದ ಕೊನೆಯ ಆಶೀರ್ವಾದಕ್ಕೆ ಅಧ್ಯಕ್ಷರು ಅಂಗೈ ಬಿಡಿಸಿ ಹಿಡಿದರು.

"ಈ ಮನೆಯ ಒಲೆ ಈ ಜಾಗದಲ್ಲೇ ನೂರು ವರ್ಷ ಉರೀಲಿ. ಈ ಗುಡಾರ ಯಾವತ್ತೂ ಅಲುಗಾಡದಿರಲಿ."

ಎಲ್ಲರೂ ಆಮೀನ್ ಎಂದು ಅಂಗೈಯಿಂದ ಮುಖ ಸವರಿಕೊಂಡರು. ಅಪಾ ಕೂಡ ಭಕ್ತಿಯಿಂದ ಸವರಿಕೊಂಡಳು. ಆಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕಾಗದವನ್ನು ಓದಿ ಹೇಳಿದರು.

ಅಪಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ನನ್ನ ಅತ್ತೆ ಇಲ್ಲೇ ಕಡೆದಳು, ನಾನು ಇಲ್ಲೇ ಕಡೀತೀನಿ. ಎಲ್ಲಿಗೆ ಹೋಗ್ಲಿ ಅಂತ ನಿಮ್ಮ ಡಬ್ಬಿ ಹೇಳುತ್ತಾ? ಐವತ್ತು ಕುದುರೇನ ನಿಮ್ಮ ಸಂಸ್ಥೆಯ ಅಂಗಳದಲ್ಲಿ ಕಟ್ಲಾ?"

"ನಿಮ್ಮ ಪ್ರಾಣ ಉಳಿಸೋಕೇ ಅಪಾ," ಎಂದರು ಪ್ರೊಫೆಸರರು ಮೆತ್ತಗೆ. "ಇದು ವಿಜ್ಞಾನ."

ಅಪಾ ಎದ್ದು ಪೀಪಾಯಿಯ ಬಳಿಗೆ ಹೋದಳು. ಸಂಜೆಯ ಹಾಲು ಬಂದಿತ್ತು. ಎದ್ದು ಹೋಗು ಎನ್ನುವ ಸರ್ಕಾರ ಕಾಯಬಹುದು, ಹಾಲು ಕಾಯುವುದಿಲ್ಲ. ಕಡೆಗೋಲು ಹಿಡಿದು ಒಂದು, ಎರಡು ಎಂದು ತುಟಿಯಲ್ಲೇ ಎಣಿಸುತ್ತಾ ಶುರುಮಾಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎಸೆನ್‌ಕುಲ್‌ಗೆ ತನ್ನ ಮೇಲೆ ಹೇಸಿಗೆಯಾಯಿತು. ಎದ್ದ. ಪ್ರೊಫೆಸರರ ಕಂಪ್ಯೂಟರು ಎತ್ತಿಕೊಂಡು ಹೊರಗೆ ಹೋದ. ಬಂಡೆಯ ಅಂಚಿನ ಕಲ್ಲು ಸರಿಸಿ ತಂತಿ ಸಿಕ್ಕಿಸಿದ.

"ಅಗಾಯ್, ಬನ್ನಿ. ಈಗಿನ ನಾಡಿ ನೋಡಿ."

ಪ್ರೊಫೆಸರರು ಬರಿಗಾಲಲ್ಲೇ ಬಂದರು. ಪರದೆಯ ಮೇಲೆ ಗೆರೆ ಎದ್ದು ಬೀಳುತ್ತಿತ್ತು.

"ಇದೇ. ಇದೇ ನೋಡಿ ಒರೊಜಾಲಿ. ಇಷ್ಟು ಜೋರಾಗಿ ನಾನೂ ನೋಡಿರ್ಲಿಲ್ಲ."

ಅಧ್ಯಕ್ಷರು ಓಡಲು ಬೂಟು ಹಾಕಿಕೊಳ್ಳತೊಡಗಿದರು. ಗಡಿಬಿಡಿಯಲ್ಲಿ ಗುಮಾಸ್ತನ ಬೂಟು ಹಾಕಿಕೊಂಡರು.

"ಅಪಾ, ಸ್ವಲ್ಪ ನಿಲ್ಸಿ," ಎಂದು ಎಸೆನ್‌ಕುಲ್ ಕೂಗಿದ. ಗೆರೆ ಮಲಗಿತು. "ಕಡೀರಿ." ಗೆರೆ ಎದ್ದಿತು. "ನಿಲ್ಸಿ."

"ಲೆಕ್ಕ ತಪ್ಪುತ್ತೆ ಕಣೋ," ಎಂದು ಒಳಗಿಂದ ಅಪಾ ಬೈದಳು. "ಆರ್ನೂರ ಮೂವತ್ತಾಗಿತ್ತು."

ಪ್ರೊಫೆಸರರು ಪರದೆ ನೋಡಿದರು. ಗುಡಾರ ನೋಡಿದರು. ಕಲ್ಲಿನಡಿಯ ಡಬ್ಬಿ ನೋಡಿದರು. ಅವರ ಮುಖದಲ್ಲಿ ನಲವತ್ತೊಂದು ಪುಟಗಳು ಒಂದೊಂದಾಗಿ ಹರಿದು ಬೀಳುವುದು ಕಾಣುತ್ತಿತ್ತು.

"ಡಬ್ಬಿ ದಿಬ್ಬದ ಮೇಲೆ ಯಾವತ್ತೂ ಇರ್ಲಿಲ್ಲ ಅಗಾಯ್. ಅವತ್ತು ನಾನೂ ಇಲ್ಲೇ ಕೂತು ಕುಡಿದೆ. ಇವತ್ತು ನೀವು ಮಾಡಿದ ಹಾಗೇ," ಎಂದ ಎಸೆನ್‌ಕುಲ್. ಎರಡು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಕೆಲಸವೂ ಅದರ ಜೊತೆ ಇಳಿದುಹೋಯಿತು ಎಂದುಕೊಂಡ.

ವಿಷಯ ಮೊದಲು ಅರ್ಥವಾದದ್ದು ಅಪಾಗೆ. ಕಡೆಗೋಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಅಂದ್ರೆ ಎರಡು ವರ್ಷದಿಂದ ಇದು ನನ್ನ ತೋಳಿನ ಲೆಕ್ಕ ಬರ್ಕೊಳ್ತಿತ್ತಾ? ನಾನು ಇದನ್ನ ಕರುಗಳು ತುಳೀಬಾರ್ದು ಅಂತ ಕಾದೆನಲ್ಲೋ. ಆ ಕಾಗದ ಒಂದು ನಂಗೂ ಕೊಡಿ. ನನ್ನ ಸೊಸೆ ನಾನು ಕೂತು ತಿನ್ನೋಳು ಅಂತಾಳೆ, ಅವಳ ಮುಖಕ್ಕೆ ಹಿಡೀತೀನಿ."

ಯಾರೂ ನಗಲಿಲ್ಲ. ಅಧ್ಯಕ್ಷರು ಬೇರೆಯದೇ ಲೆಕ್ಕದಲ್ಲಿದ್ದರು. ಯಂತ್ರ ಇಲ್ಲಿದೆ ಎಂದರೆ ದಿಬ್ಬದ ಮೇಲೆ ಅದನ್ನು ಖುದ್ದಾಗಿ ಪರಿಶೀಲಿಸಿದ ಮೂವರು ಸುಳ್ಳರಾಗುತ್ತಾರೆ. ಮೊಹರು ಬಿದ್ದ ಕಾಗದ ಸುಳ್ಳಾಗುವುದಕ್ಕಿಂತ ಬೆಟ್ಟವೇ ತನ್ನ ಜಾಗ ಬದಲಿಸುವುದು ಸುಲಭ.

"ಯಂತ್ರ ದಿಬ್ಬದ ಮೇಲೆ ಇದೆ," ಎಂದರು ಅಧ್ಯಕ್ಷರು ಗಟ್ಟಿಯಾಗಿ. "ನಾವು ನೋಡಿದ್ದೀವಿ. ಇದ್ದೇ ಇರ್ಬೇಕು. ಎಸೆನ್‌ಕುಲ್, ನಾಳೆ ಬೆಳಿಗ್ಗೆ ಅದನ್ನ ಅದು ಇರೋ ಜಾಗದಲ್ಲಿ ಇಟ್ಟು ಬಾ."

"ನಾಡಿ?" ಎಂದು ಪ್ರೊಫೆಸರರು ಕ್ಷೀಣವಾಗಿ ಕೇಳಿದರು.

"ನಾಡಿ ಶಾಂತ ಆಯ್ತು. ನಾವು ಬಂದು ನೋಡೋವಾಗ ಏರಿತ್ತು, ನೋಡ್ತಾ ಇದ್ದ ಹಾಗೇ ಇಳೀತು. ಹಿಮನದಿ ಸುಧಾರಿಸ್ಕೊಂಡಿದೆ. ಬರೀಪ್ಪಾ."

ಪ್ರೊಫೆಸರರ ಮುಖಕ್ಕೆ ನಿಧಾನವಾಗಿ ರಕ್ತ ಮರಳಿತು. "ಶಾಂತಿಯ ಹಂತ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಎರಡನೆಯ ಪ್ರಬಂಧ ಆಗಲೇ ಮೊಳಕೆ ಒಡೆದಿತ್ತು. ಗುಮಾಸ್ತ ಹೊಸ ಕಾಗದ ಹರಡಿದ: ಅಪಾಯ ಇಲ್ಲ, ಗುಡಾರಗಳು ಇದ್ದಲ್ಲೇ ಇರಬಹುದು. ಮತ್ತೆ ಮೂರು ಸಹಿ, ಮತ್ತೆ ಮೊಹರು. ಅಪಾ ಖುಷಿಗೆ ಇನ್ನೊಂದು ಸುತ್ತು ಸುರಿದಳು. ಎಸೆನ್‌ಕುಲ್‌ನ ಕೆಲಸವೂ ಉಳಿಯಿತು, ಯಾಕೆಂದರೆ ಅವನು ಮಾಡಿದ ತಪ್ಪು ನಡೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಮಿತಿ ಕೆಳಗಿಳಿಯಿತು. ಎಸೆನ್‌ಕುಲ್ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಹತ್ತಿದ. ಅಪಾ ಕರೆದಳು, ಅವನು ಕಿವಿಗೆ ಟೋಪಿ ಎಳೆದುಕೊಂಡು ನಿಲ್ಲದೆ ನಡೆದ. ಮನಸ್ಸು ಹಗುರವಾಗಿತ್ತು. ಎರಡು ವರ್ಷ ತಡವಾಗಿಯಾದರೂ ಮಾಡಬೇಕಾದ ಕೆಲಸ ಮಾಡುತ್ತಿದ್ದ, ಅಪಾಳ ಬೇಸಿಗೆಯನ್ನು ಉಳಿಸಿದ್ದ.

ದಿಬ್ಬದ ಬುಡದಲ್ಲೇ ಅವನ ಕಾಲು ಹೂತುಹೋಯಿತು. ಒಣಗಲ್ಲು ಇರಬೇಕಾದ ಕಡೆ ಬೂದುಬಣ್ಣದ ಕೆಸರು. ಕಲ್ಲುಗಳ ಸಂದಿನಿಂದ ನೀರು ಬರುತ್ತಿತ್ತು, ಒಂದು ಕಡೆ ಅಲ್ಲ, ಹತ್ತು ಕಡೆ, ಒಳಗಿನ ಮಣ್ಣನ್ನು ತೊಳೆದು ತರುತ್ತಾ. ಮೊಣಕಾಲವರೆಗೆ ಕೆಸರು ಮಾಡಿಕೊಂಡು ಮೇಲೆ ಹತ್ತಿದ. ಕೆರೆಯ ನೀರು ದಿಬ್ಬದ ಅಂಚಿಗೆ ಎರಡು ಗೇಣು ಕೆಳಗೆ ನಿಂತಿತ್ತು. ಡಬ್ಬಿ ಹೂತು ತಂತಿ ಸಿಕ್ಕಿಸಿ ತನ್ನ ಹಳೆಯ ಕಂಪ್ಯೂಟರಿನಲ್ಲಿ ನೋಡಿದ. ಬಡಿತ ಇರಲಿಲ್ಲ. ಗೆರೆ ಬಿಡುವಿಲ್ಲದೆ ನಡುಗುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಅಂಗೈ ಇಟ್ಟ. ಯಂತ್ರವೇ ಬೇಕಾಗಿರಲಿಲ್ಲ, ಅಂಗೈಗೇ ಗೊತ್ತಾಗುತ್ತಿತ್ತು.

ಅವನಿಗೆ ನಗು ಬಂತು. ಎರಡು ವರ್ಷ ಬೊಗಳೆ ಬಿಟ್ಟ ಪ್ರೊಫೆಸರರ ಮಾತು ನಿಜವಾಗಿತ್ತು, ಅದೂ ಅದನ್ನು ಸುಳ್ಳು ಎಂದು ತಾನು ತೋರಿಸಿಕೊಟ್ಟ ಮರುದಿನ. ದಿಬ್ಬದ ಏಣಿನ ಮೇಲೆ ನಿಂತರೆ ಫೋನು ಸಿಗುತ್ತದೆ. ಕರೆ ಮಾಡಿದ.

"ಅಗಾಯ್, ದಿಬ್ಬ ಒಡೀತಾ ಇದೆ. ನಾನು ಅಲ್ಲೇ ನಿಂತಿದ್ದೀನಿ. ಈಗಲೇ ಎಬ್ಬಿಸ್ಬೇಕು."

"ಹಿಮನದಿ ಶಾಂತವಾಗಿದೆ ಅಂತ ನಿನ್ನೆ ತಾನೆ ಸಹಿ ಹಾಕಿದ್ದೀವಿ." ಪ್ರೊಫೆಸರರ ದನಿಯಲ್ಲಿ ಸಹನೆ ಉಕ್ಕುತ್ತಿತ್ತು. "ಎಷ್ಟು ಬಟ್ಟಲು ಆಯ್ತು ಇವತ್ತು?"

"ಒಂದೂ ಇಲ್ಲ ಅಗಾಯ್. ಗೆರೆ ಇದೆ, ನೋಡಿ ಬೇಕಾದ್ರೆ."

"ನಿನ್ನ ಗೆರೆ ನಾನು ಎರಡು ವರ್ಷ ನೋಡಿದ್ದೀನಪ್ಪಾ," ಎಂದು ಅವರು ಫೋನು ಇಟ್ಟರು.

ಅಧ್ಯಕ್ಷರು ಫೋನು ಎತ್ತಲೇ ಇಲ್ಲ. ಇನ್ನು ಹೇಳುವುದಕ್ಕೆ ಉಳಿದವಳು ಅಪಾ ಒಬ್ಬಳೇ. ಎಸೆನ್‌ಕುಲ್ ಬಿದ್ದು ಎದ್ದು ಇಳಿದ. ನಿನ್ನೆ ತಾನೇ ಉಳಿಸಿಕೊಟ್ಟ ಬೇಸಿಗೆಯನ್ನು ಇವತ್ತು ತಾನೇ ಕಿತ್ತುಕೊಳ್ಳಲು ಹೋಗುತ್ತಿದ್ದ. ಯಾವ ಮುಖ ಹೊತ್ತು ಹೇಳುವುದು? ಡಬ್ಬಿಯ ಹೆಸರು ಹೇಳಿ ಎರಡು ವರ್ಷ ಮೋಸ ಮಾಡಿದವನ ಮಾತನ್ನು ಅವಳು ಯಾಕೆ ನಂಬಬೇಕು?

ಅಪಾ ಪೀಪಾಯಿಯ ಮುಂದೆ ನಿಂತು ಕಡೆಯುತ್ತಿದ್ದಳು.

"ಅಪಾ, ಗುಡಾರ ಬಿಚ್ಚಬೇಕು. ಕೆರೆ ಬರ್ತಾ ಇದೆ. ಈ ಸಲ ನಿಜ."

"ನಿನ್ನೆ ಸುಳ್ಳು, ಇವತ್ತು ನಿಜ. ಡಬ್ಬಿ ಹೇಳ್ತಾ?"

"ಡಬ್ಬಿ ಬಿಡಿ. ನಾನೇ ನೋಡಿ ಬಂದೆ."

"ನೀನು ನೋಡಿ ಬರೋದು ನಂಗೆ ಗೊತ್ತಿಲ್ವಾ. ದಾರೀಲಿ ಯಾರ ಗುಡಾರದಲ್ಲಿ ಕೂತು ನೋಡ್ದೆ?"

ಅಪಾ ತಲೆಯಾಡಿಸಿ ಮತ್ತೆ ಕಡೆಗೋಲು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಅವಳು ಬಾಗಿಲಾಚೆ ಅವನು ಕಳಚಿಟ್ಟ ಬೂಟು ನೋಡುತ್ತಿದ್ದಳು. ಬೂದು ಕೆಸರು ಮೊಣಕಾಲಿನವರೆಗೆ ಮೆತ್ತಿ ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳ ಹುಲ್ಲುಗಾವಲಿನ ಮಣ್ಣು ಕಪ್ಪು. ಬೂದು ಕೆಸರು ಇರುವುದು ದಿಬ್ಬದ ಒಳಗೆ ಮಾತ್ರ, ಅದು ಹೊರಗೆ ಬರುವುದನ್ನು ಅವಳು ಇಲ್ಲಿಗೆ ಸೊಸೆಯಾಗಿ ಬಂದಾಗಿನಿಂದ ನೋಡಿರಲಿಲ್ಲ.

ಅವಳು ಬಗ್ಗಿ ಬೆರಳಲ್ಲಿ ಕೆಸರು ತೆಗೆದು ಉಜ್ಜಿ ನೋಡಿದಳು.

"ಎಷ್ಟು ಹೊತ್ತಿದೆ?"

"ಗೊತ್ತಿಲ್ಲ ಅಪಾ. ಎರಡು ದಿನ ಇರಬಹುದು, ಇವತ್ತೇ ಆಗಬಹುದು."

"ಗೊತ್ತಿಲ್ಲ ಅಂದೆಯಲ್ಲ. ಇಷ್ಟು ಜನ ಬಂದು ಹೋದರು, ಈ ಮಾತು ಹೇಳಿದೋನು ನೀನೊಬ್ಬ." ಅವಳು ಹೊರಗೆ ಹೋಗಿ ಪಕ್ಕದ ಗುಡಾರಗಳ ಕಡೆಗೆ ಬಾಯಿಗೆ ಕೈ ಇಟ್ಟು ಕೂಗು ಹಾಕಿದಳು. ಮೇಲಿನ ಗಾಳಿಗುಡ್ಡಕ್ಕೆ, ಹುಲ್ಲಿಲ್ಲದ ಜಾಗಕ್ಕೆ, ಈಗಲೇ ಏರಬೇಕು. ಒಳಗೆ ಬಂದು ಛಾವಣಿಯ ಉಣ್ಣೆಯ ಹಗ್ಗ ಬಿಚ್ಚತೊಡಗಿದಳು. ಬೇಸಿಗೆ ಮುಗಿಯಿತು ಎಂಬುದು ಅವಳಿಗೆ ಗೊತ್ತಿತ್ತು. ಅರ್ಧ ಕುದುರೆಗಳನ್ನು ಮಾರಬೇಕು ಎಂಬುದೂ ಗೊತ್ತಿತ್ತು.

"ನಾನು ಬಿಚ್ತೀನಿ ಅಪಾ, ನೀವು ಬಿಡಿ."

"ನೀನು ಬಿಚ್ಚಿದ್ರೆ ಕೋಲು ಮುರೀತೀಯ. ಅಲ್ಲಿ ಹೋಗಿ ನಿಂತ್ಕೊ." ಕಡೆಗೋಲು ತೋರಿಸಿದಳು. "ಸಾವಿರದ ನೂರಾಗಿದೆ. ಅರ್ಧ ಕಡೆದ ಹಾಲು ಕುದುರೆ ಮೇಲೆ ಹೇರಿದ್ರೆ ಕೆಟ್ಟು ಹೋಗುತ್ತೆ. ಒಂಬೈನೂರು ಬಾಕಿ. ಲೆಕ್ಕ ತಪ್ಪಬೇಡ, ಈ ಸಲ ಬರ್ಕೊಳ್ಳೋಕೆ ಯಾರೂ ಇಲ್ಲ."

ಎಸೆನ್‌ಕುಲ್ ಬರಿಗಾಲಲ್ಲಿ ನಿಂತು ಕಡೆಯತೊಡಗಿದ. ಅವನ ತಲೆಯ ಮೇಲೆ ಅಪಾ ಒಂದೊಂದೇ ಉಣ್ಣೆ ಸರಿಸಿದಂತೆ ಆಕಾಶ ಕಾಣತೊಡಗಿತು. ಅವನು ಒಂದನ್ನೂ ಬಿಡದೆ ಒಂಬೈನೂರು ಎಣಿಸಿದ.